ಬೆರಳಾದರೂ ಆಡಲಿ

"ಇದು ಯಾವಾಗಿನಿಂದ ಇದೆ?" ಎಂಬುದು ದಾವಣಗೆರೆಯ ನರರೋಗ ತಜ್ಞರು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಕಾಲ ನಮೂದಿಸದ ಶಾಸನಗಳಿಗೆ ಕಾಲ ನಿರ್ಣಯಿಸುವುದು ನನ್ನ ವೃತ್ತಿಯಾಗಿತ್ತು. ಅರಸನ ಹೆಸರು ಅಳಿಸಿಹೋಗಿದ್ದರೂ, ಸಂವತ್ಸರವಿದ್ದ ಮೂಲೆ ಒಡೆದು ಬಿದ್ದಿದ್ದರೂ, ಅಕ್ಷರಗಳ ತಲೆಕಟ್ಟನ್ನು ನೋಡಿ ಇಂಥ ಶತಮಾನದ ಉತ್ತರಾರ್ಧ ಎಂದು ಊಹಿಸಿ, ಆ ಊಹೆಯನ್ನು ನೆರೆಯೂರಿನ ಇನ್ನೊಂದು ಕಲ್ಲಿನೊಡನೆ ತಾಳೆ ಹಾಕಿದ ಮೇಲೆಯೇ ಬರೆದಿಡುತ್ತಿದ್ದವನು ನಾನು. ಅಂಥವನಿಗೆ ತನ್ನ ಬಲಗೈಯ ಎರಡು ಬೆರಳುಗಳು ಯಾವ ತಿಂಗಳಿನಿಂದ ತಾವಾಗಿಯೇ ಆಡತೊಡಗಿದವು ಎಂದು ಹೇಳಲಾಗಲಿಲ್ಲ. ಉತ್ತರ ಗೊತ್ತಿದ್ದುದು ನನ್ನ ಹೆಂಡತಿಗೆ. ಅವಳು ಉತ್ತರಿಸಿದಳು. ರೋಗದ ಹೆಸರಿಗಿಂತ ಆ ಉತ್ತರವೇ ನಮ್ಮ ಮನೆಯ ನೆಮ್ಮದಿಯನ್ನು ಹೆಚ್ಚು ಕೆಡಿಸಿತು.

ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳನ್ನು ವಿವರಿಸುವ ಪುಸ್ತಿಕೆಗಳು ಆಸ್ಪತ್ರೆಗಳಲ್ಲಿ ಸಿಗುತ್ತವೆ; ಅವುಗಳಿಗೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ಆ ಪುಸ್ತಿಕೆಯನ್ನು ಕೈಯಲ್ಲಿ ಹಿಡಿದು, ಓದದೆ, ಎದುರಿನ ಬಾಗಿಲನ್ನೇ ನೋಡುತ್ತ ಕುಳಿತಿರುವವರಿಗಾಗಿ, ಮತ್ತು ಅವರ ಪಕ್ಕದಲ್ಲಿ ಕುಳಿತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಪಟ್ಟಿಗೆ ಕುಳಿತು ಬರೆದದ್ದಲ್ಲ. ಅಷ್ಟು ಹೊತ್ತು ಕುಳಿತಿರಲು ನನ್ನಿಂದ ಈಗ ಆಗುವುದಿಲ್ಲ. ಅರ್ಧ ಪುಟ ಬರೆದು ಎದ್ದು, ಅಂಗಳದಲ್ಲಿ ಸುತ್ತು ಹಾಕಿ, ಬಂದು ಮತ್ತೆ ಕುಳಿತು ಬರೆದದ್ದು. ವಾಕ್ಯಗಳಲ್ಲಿ ಆ ಚಡಪಡಿಕೆ ಉಳಿದಿದ್ದರೆ ಓದುಗರು ಮನ್ನಿಸಬೇಕು.

ನಾವು ಚಳ್ಳಕೆರೆಯವರು. ನನ್ನ ತಂದೆ ಇಲ್ಲಿ ಮಿಷನ್ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದರು. ಕೆಲಸದ ನಿಮಿತ್ತ ಬೇರೆ ಬೇರೆ ಊರುಗಳಲ್ಲಿದ್ದ ನಾನು ನಿವೃತ್ತಿಯ ನಂತರ ಇಲ್ಲಿಗೇ ಹಿಂದಿರುಗಿದೆ. ಹೆಂಡತಿ ಲೂರ್ದಮ್ಮ ಮೊಳಕಾಲ್ಮುರಿನವಳು; ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅವಳ ತವರಿನಲ್ಲಿ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಸಿಟ್ಟು ಬಂದಾಗ ಮತ್ತು ಒಬ್ಬಳೇ ಪ್ರಾರ್ಥಿಸುವಾಗ ಅವಳು ಇಂದಿಗೂ ತೆಲುಗಿಗೆ ಹೊರಳುತ್ತಾಳೆ. ಈ ಊರಿನಲ್ಲಿ ಕಥೋಲಿಕರ ಮನೆಗಳು ಹೆಚ್ಚಿಲ್ಲ. ಭಾನುವಾರದ ಪೂಜೆಗೆ ಯಾರು ಬಂದಿಲ್ಲ ಎಂಬುದು ತಲೆ ಎತ್ತಿ ನೋಡದೆಯೇ ತಿಳಿಯುತ್ತದೆ. ಯಾರ ಭಕ್ತಿ ಎಷ್ಟೆಂಬುದೂ ಹಾಗೆಯೇ ಎಲ್ಲರಿಗೂ ಗೊತ್ತು. ನನ್ನದು ಕಡಿಮೆ ಎಂಬುದೂ ಗೊತ್ತಿತ್ತು.

ಲೂರ್ದಮ್ಮನ ದಿನ ಜಪಸರದಿಂದ ಮುಗಿಯುತ್ತದೆ. ಸಂಜೆ ಮಾತೆ ಮರಿಯಮ್ಮನವರ ಸ್ವರೂಪದ, ಅಂದರೆ ಪ್ರತಿಮೆಯ, ಮುಂದೆ ಮೇಣದ ಬತ್ತಿ ಹಚ್ಚಿ, ಮಣಿಗೊಂದು 'ನಮೋ ಮರಿಯಾ' ಹೇಳುತ್ತ, ಯೇಸು ಮತ್ತು ಮಾತೆಯ ಬದುಕಿನ ಘಟನೆಗಳಲ್ಲಿ ಆ ದಿನಕ್ಕೆ ಸಲ್ಲುವ 'ರಹಸ್ಯ'ಗಳನ್ನು ಧ್ಯಾನಿಸುತ್ತ ಕೂರುತ್ತಾಳೆ. ಮದುವೆಯಾದ ಹೊಸದರಲ್ಲಿ ನಾನೂ ಜೊತೆಗಿರುತ್ತಿದ್ದೆ. ಆಮೇಲೆ ಜಪಸರದ ಇತಿಹಾಸವನ್ನು ಓದತೊಡಗಿದೆ. ಮಾತೆಯೇ ಸಂತ ದೊಮಿನಿಕರಿಗೆ ಪ್ರತ್ಯಕ್ಷಳಾಗಿ ಜಪಸರವನ್ನು ಕೊಟ್ಟಳೆಂಬುದು ನಮ್ಮ ಮನೆಗಳಲ್ಲಿ ಹೇಳುವ ಕಥೆ. ಆ ಸಂತರು ತೀರಿಕೊಂಡದ್ದು ಹದಿಮೂರನೆಯ ಶತಮಾನದ ಆದಿಭಾಗದಲ್ಲಿ. ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು ಅದಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಇದನ್ನು ನಾನು ಹೆಂಡತಿಗೆ ಹೇಳಿದೆ. ಅವಳು ಮಣಿ ಹಿಡಿದುಕೊಂಡೇ ಕೇಳಿಸಿಕೊಂಡಳು.

"ಇನ್ನೂರು ವರ್ಷ ಯಾರೂ ಬರ್ದಿಡ್ಲಿಲ್ಲ ಅಂದ್ರೆ, ಯಾರೂ ಜಪಾನೇ ಮಾಡ್ಲಿಲ್ಲ ಅಂತಾನಾ?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಆದರೂ ಆಧಾರ ಸಿಗದ ಮಾತನ್ನು ನಾಲಿಗೆಯ ಮೇಲೆ ತರುವುದು ನನಗೆ ಕ್ರಮೇಣ ಆಗದೆ ಹೋಯಿತು. ಜಗಳವಿಲ್ಲದೆ, ಘೋಷಣೆಯಿಲ್ಲದೆ, ನಾನು ಸಂಜೆಗಳಲ್ಲಿ ಪಕ್ಕದ ಕೋಣೆಯಲ್ಲಿ ಕೂರತೊಡಗಿದೆ. ಅವಳು ಒಬ್ಬಳೇ ಮುಂದುವರಿಸಿದಳು. ನಮ್ಮಿಬ್ಬರ ನಡುವೆ ಇದ್ದ ಬಿರುಕು ಅದೊಂದೇ, ಮತ್ತು ಅದು ಹಳೆಯದಾಗಿ ರೂಢಿಯಾಗಿ ಹೋಗಿತ್ತು.

ಬೆರಳುಗಳು ಆಡತೊಡಗಿದಾಗ ಮನೆಯ ಸ್ಥಿತಿ ಇದು. ಬಲಗೈ ತೊಡೆಯ ಮೇಲೆ ಸುಮ್ಮನಿದ್ದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲನೆ ಉರುಳುತ್ತಿತ್ತು. ಕಾಣದ ಮಣಿಯೊಂದನ್ನು ಮುಂದಕ್ಕೆ ತಳ್ಳಿ, ಇನ್ನೊಂದನ್ನು ಹಿಡಿದು, ಅದನ್ನೂ ತಳ್ಳಿದ ಹಾಗೆ. ಏನನ್ನಾದರೂ ಎತ್ತಿಕೊಂಡೊಡನೆ ನಿಂತುಹೋಗುತ್ತಿತ್ತಾದ್ದರಿಂದ ನನಗೆ ಅಡಚಣೆಯಾಗಲಿಲ್ಲ. ಶಾಸನದ ಮೇಲೆ ಕಾಗದ ಹೊದಿಸಿ ಅಚ್ಚು ತೆಗೆಯುವಾಗ ಬೆರಳ ತುದಿಗೆ ಮಸಿ ಮೆತ್ತಿಕೊಳ್ಳುತ್ತದೆ. ಅದನ್ನು ಉಜ್ಜಿ ಉಜ್ಜಿ ತೆಗೆಯುವುದು ನಮ್ಮ ಕಸುಬಿನವರ ಅಭ್ಯಾಸ. ಆ ಅಭ್ಯಾಸವೇ ಉಳಿದುಕೊಂಡಿದೆ ಎಂದು ನಾನು ತೀರ್ಮಾನಿಸಿದೆ. ಮಸಿ ಮುಟ್ಟಿ ವರ್ಷಗಳೇ ಆಗಿದ್ದವು ಎಂಬ ಆಕ್ಷೇಪ ನನಗೇಕೆ ಹೊಳೆಯಲಿಲ್ಲವೋ ತಿಳಿಯದು. ಬೇರೆಯವರ ಪ್ರಬಂಧದಲ್ಲಾಗಿದ್ದರೆ ಅಂಚಿನಲ್ಲಿ ಕೆಂಪು ಗುರುತು ಹಾಕುತ್ತಿದ್ದೆ.

ಉಳಿದವರ ತೀರ್ಮಾನ ಬೇರೆಯಾಗಿತ್ತು. ಚರ್ಚಿನಲ್ಲಿ ಪ್ರಬೋಧನೆಯ ಹೊತ್ತಿಗೆ ನನ್ನ ಬೆರಳುಗಳು ಆಡುವುದನ್ನು ಹಿಂದಿನ ಸಾಲಿನವರು ಕಂಡಿದ್ದರು. ಫಾದರ್ ಒಮ್ಮೆ ಬಾಗಿಲ ಬಳಿ ನನ್ನ ಕೈಹಿಡಿದು, ಇಷ್ಟು ಓದಿದವರು ಹೀಗೆ ಸದಾ ಜಪದಲ್ಲಿರುವುದು ಅಪರೂಪ ಎಂದರು. ಸೌಜನ್ಯದ ಮಾತೆಂದು ನಾನು ನಕ್ಕೆ. ನೆರೆಯ ರುದ್ರಣ್ಣನವರು ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರು, ನಿತ್ಯ ಲಿಂಗಪೂಜೆ ಮಾಡುವವರು, ಸಂಜೆ ನನ್ನ ಜೊತೆ ತಿರುಗಾಡಲು ಬರುವವರು. ಅವರಂತೂ ನೇರವಾಗಿ ಹೇಳಿದರು:

"ನಮ್ಮಪ್ಪ ಸಾಯೋಗಂಟ ರುದ್ರಾಕ್ಷಿ ಕೈ ಬಿಡ್ಲಿಲ್ಲ ಸಾರ್. ನೀವು ಮಣೀನೇ ಇಲ್ದಂಗೆ ಜಪ ಮಾಡ್ತೀರಿ. ನಿಮ್ದು ಇನ್ನೂ ಒಂದು ಕೈ ಮೇಲೆ."

ಮಸಿಯ ವಿಷಯ ವಿವರಿಸಿದೆ. ಅವರು ನಂಬಲಿಲ್ಲ, ವಿನಯವೆಂದು ಭಾವಿಸಿದರು.

ಲೂರ್ದಮ್ಮ ಮಾತ್ರ ಏನೂ ಹೇಳಲಿಲ್ಲ. ಆದರೆ ಅವಳಲ್ಲಿ ಒಂದು ಗೆಲುವು ಕಾಣಿಸಿಕೊಂಡಿತ್ತು. ಸಂಜೆ ಎರಡು ಕೋಣೆಗಳ ನಡುವಿನ ಬಾಗಿಲನ್ನು ತೆರೆದೇ ಇಡುತ್ತಿದ್ದಳು. ತನ್ನ ತಾಯಿಯ ಜಪಸರವನ್ನು ತಂದು ನನ್ನ ಮೇಜಿನ ಮೇಲೆ, ಪುಸ್ತಕಗಳ ಪಕ್ಕದಲ್ಲಿ ಇಟ್ಟುಹೋದಳು. ಕೇಳಿದ್ದಕ್ಕೆ, ಇರಲಿ ಅಂತ ಇಟ್ಟೆ, ಎಂದಷ್ಟೇ ಹೇಳಿದಳು. ಮೊಣಕಾಲು ನೋವು ಕಡಿಮೆಯಾದದ್ದರಿಂದ ಅವಳು ಗೆಲುವಾಗಿದ್ದಾಳೆಂದು ನಾನು ಅಂದುಕೊಂಡೆ.

ಕೈಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಕಂಡುಕೊಂಡವರು ರುದ್ರಣ್ಣನವರೇ. ಎ.ಪಿ.ಎಂ.ಸಿ. ರಸ್ತೆಯಲ್ಲಿ ನಡೆಯುತ್ತಿದ್ದಾಗ ಅವರು ಹಿಂದೆ ಸರಿದು ನನ್ನನ್ನೇ ನೋಡತೊಡಗಿದರು. ಎಡಗೈ ಬೀಸುತ್ತಿದೆ, ಬಲಗೈಯನ್ನು ಮೈಗೆ ಕಟ್ಟಿಹಾಕಿದ ಹಾಗಿದೆ, ಯಾಕೆ ಎಂದು ಕೇಳಿದರು. ಅದೇ ವಾರ ಬ್ಯಾಂಕಿನವರು ನನ್ನ ಸಹಿ ಬರಬರುತ್ತ ಇರುವೆ ಸಾಲಿನಂತಾಗಿದೆ ಎಂದು ಮತ್ತೆ ಮಾಡಿಸಿಕೊಂಡರು. ಊರಿನ ವೈದ್ಯರು ನನ್ನನ್ನು ಕೂರಿಸಿ, ನಡೆಸಿ, ಮಣಿಕಟ್ಟನ್ನು ತಿರುಗಿಸಿ ನೋಡಿ, ಏನೂ ಹೇಳದೆ ದಾವಣಗೆರೆಗೆ ಚೀಟಿ ಬರೆದುಕೊಟ್ಟರು. ಏನೂ ಹೇಳದ ವೈದ್ಯರು ಎಷ್ಟು ಹೇಳುತ್ತಾರೆಂಬುದು ಆ ದಿನದಿಂದ ಆಸ್ಪತ್ರೆಗೆ ಹೋಗುವ ದಿನದವರೆಗೆ ನನಗೆ ಚೆನ್ನಾಗಿ ಅರ್ಥವಾಯಿತು. ಕುಳಿತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಓದುತ್ತಿದ್ದ ಪುಟವನ್ನೇ ಮತ್ತೆ ಓದುತ್ತಿದ್ದೆ. ಒಳಗೆಲ್ಲೋ ಒಂದು ಮಿಲ್ಲು ನಿಲ್ಲದೆ ಓಡುತ್ತಿತ್ತು, ಹೊರಗೆ ಅದರ ಸದ್ದಿಲ್ಲ.

ಆಸ್ಪತ್ರೆಯ ಹಜಾರದಲ್ಲಿ ಕುರ್ಚಿಗಳು ಒಂದಕ್ಕೊಂದು ಬೆಸೆದಿದ್ದವು. ಸಾಲಿನ ಈ ತುದಿಯಲ್ಲಿ ಒಬ್ಬರ ಕಾಲು ನಡುಗಿದರೆ ಆ ತುದಿಯಲ್ಲಿ ಕುಳಿತವರಿಗೂ ಗೊತ್ತಾಗುತ್ತಿತ್ತು. ಗೋಡೆಯ ಟಿ.ವಿ.ಯಲ್ಲಿ ಅಡುಗೆಯ ಕಾರ್ಯಕ್ರಮ ಸದ್ದಿಲ್ಲದೆ ನಡೆಯುತ್ತಿತ್ತು. ನಮ್ಮ ಪಕ್ಕದಲ್ಲಿ ಸಿದ್ದಾಪುರದ ಕಡೆಯ ಹೆಂಗಸೊಬ್ಬಳು ಗಂಡನ ಜೊತೆ ಕುಳಿತಿದ್ದಳು. ಆತ ಕುರಿ ಕಾಯುವವನು, ಈಚೆಗೆ ಗುಡ್ಡದಲ್ಲಿ ನಿಂತ ನಿಂತಲ್ಲೇ ಬೀಳುತ್ತಾನೆ ಎಂದು ಆಕೆ ಹೇಳಿದಳು. ಶಾಸನಗಳಿರುವ ಆ ಊರಿನ ಬಂಡೆಗಳ ಪರಿಚಯ ನನಗಿತ್ತು. ಯಾವ ಕಡೆಯ ಗುಡ್ಡ ಎಂದು ಕೇಳಿದೆ. ಮಾತನಾಡುತ್ತಲೇ ಆಕೆ ನನ್ನ ಕೈಯನ್ನು ಗಮನಿಸಿದಳು.

"ಜಪ ಮಾಡೋರು ಕಾಣ್ತೀರಿ ಸ್ವಾಮಿ. ನಮ್ಮೋರ ಹೆಸರೂ ಒಂದು ಸೇರಿಸ್ಕಳ್ರಿ."

ಲೂರ್ದಮ್ಮ ನನ್ನ ಪರವಾಗಿ ಬಾಗಿ, ಅವರ ಹೆಸರೇನು ಎಂದು ಕೇಳಿ ತಿಳಿದುಕೊಂಡು, "ಸೇರಿಸ್ತಾರೆ ಬಿಡವ್ವ" ಎಂದಳು. ಎಷ್ಟು ಧೈರ್ಯವಾಗಿ ಎಂದರೆ, ನಾನು ತಿರುಗಿ ಅವಳ ಮುಖ ನೋಡಿದೆ. ಬಹಳ ಕಾಲದ ಹಿಂದೆ ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದಾಗ ಅವಳ ಮುಖ ಹಾಗಿತ್ತು. ನನ್ನ ಬೆರಳಾಟವನ್ನು ಅವಳೂ ಜಪವೆಂದೇ ನಂಬಿದ್ದಾಳೆಂದು ನನಗೆ ಹೊಳೆದದ್ದು ಆಗ. ಏನಾದರೂ ಹೇಳುವ ಮೊದಲೇ ಒಳಗಿನಿಂದ ಕರೆದರು.

ವೈದ್ಯರು ಎಳೆಯ ವಯಸ್ಸಿನವರು, ಸೌಮ್ಯರು. ಆರಂಭದಲ್ಲಿ ಹೇಳಿದ ಪ್ರಶ್ನೆಯನ್ನು ಅವರು ಕೇಳಿದರು. ನಾನು ನನ್ನ ರೀತಿಯಲ್ಲಿ ಶುರುಮಾಡಿದೆ: ಖಚಿತವಾಗಿ ಹೇಳಲು ಆಧಾರವಿಲ್ಲ, ಕಳೆದ ಕ್ರಿಸ್ಮಸ್ಸಿಗಿಂತ ಹಿಂದಿನದ್ದಿರಬೇಕು, ಎಷ್ಟು ಹಿಂದಿನದ್ದು ಎಂಬುದು... ಲೂರ್ದಮ್ಮ ನನ್ನ ಮಾತು ಮುಗಿಯಲು ಬಿಡಲಿಲ್ಲ.

"ಹೋದ ವರ್ಷ ಸೆಪ್ಟೆಂಬರ್ ಡಾಕ್ಟ್ರೇ. ಮಾತೆ ಹುಟ್ಟಿದ ಹಬ್ಬಕ್ಕೆ ಮುಂಚೆ ನವೇನ ಅಂತ ಇರ್ತೈತೆ, ಒಂಬತ್ತು ದಿನದ ಪ್ರಾರ್ಥನೆ. ಅದರ ಮೂರನೇ ಸಾಯಂಕಾಲ. ಚರ್ಚಿಂದ ಬಂದು ಬಾಗಿಲಿಂದ ನಾನೇ ನೋಡ್ದೆ."

ವೈದ್ಯರು ತಿಂಗಳನ್ನು ಬರೆದುಕೊಂಡರು. ಅಂದಿನಿಂದಲೂ ಬಲಗೈಯೇ ಎಂದು ಕೇಳಿದರು. ಹೌದು ಎಂದಳು. ಎರಡೂ ಕೈಗಳನ್ನು ತೊಡೆಯ ಮೇಲೆ ಸಡಿಲವಾಗಿ ಇಟ್ಟುಕೊಂಡು, ತಿಂಗಳ ಹೆಸರುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿ ಎಂದು ಅವರು ನನಗೆ ಸೂಚಿಸಿದರು. ಹೇಳತೊಡಗಿದೆ. ನನ್ನ ಗಮನ ತಿಂಗಳುಗಳ ಕಡೆ ಹೋದ ಹಾಗೆ ಬೆರಳುಗಳ ಓಟ ಹೆಚ್ಚಿತು. ಆಗಸ್ಟಿಗೆ ಬರುವಷ್ಟರಲ್ಲಿ ಇಡೀ ಕೈ ತೊಡೆಯ ಮೇಲೆ ಕುಣಿಯುತ್ತಿತ್ತು.

"ನೋಡಿ, ಇದೇ ಲಕ್ಷಣ," ಎಂದರು ವೈದ್ಯರು.

ಲೂರ್ದಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. "ಅದು ಜಪ ಅಲ್ವಾ?" ಎಂದು ಕೇಳಿದಳು.

ವೈದ್ಯರಿಗೆ ಪ್ರಶ್ನೆ ಅರ್ಥವಾಗದೆ ನನ್ನತ್ತ ತಿರುಗಿದರು. ಉತ್ತರ ನಾನೇ ಕೊಡಬೇಕಾಯಿತು. ಅಲ್ಲ ಎಂದೆ.

ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಕಾಯಿಲೆ ಪ್ರಾಣ ತೆಗೆಯುವಂಥದ್ದಲ್ಲ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಎಂದು ವೈದ್ಯರು ಹೇಳಿದ್ದನ್ನು ನಾನು ಮತ್ತೆ ಮತ್ತೆ ಹೇಳಿದೆ. ಅವಳಿಗೆ ಕೇಳಿಸುತ್ತಿತ್ತು. ಚಿತ್ರದುರ್ಗ ದಾಟುವವರೆಗೂ ಒಂದೇ ಮಾತು ಆಡಿದಳು; ಆ ಕುರಿಯವನ ಹೆಂಡತಿಗೆ ಏನು ಹೇಳಿಬಿಟ್ಟೆ ನಾನು, ಎಂದು. ಮನೆಗೆ ಬಂದ ಮೇಲೆ ಆ ಕುರಿಗಾಹಿಯ ಹೆಸರನ್ನು ಅವಳೇ ತನ್ನ ಪ್ರಾರ್ಥನೆಗೆ ಸೇರಿಸಿಕೊಂಡಿರಬೇಕು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅಂದು ಸಂಜೆ ಮೇಣದ ಬತ್ತಿ ಹಚ್ಚಲಿಲ್ಲ. ಜಪಸರ ಮೊಳೆಯ ಮೇಲೆ ತೂಗುತ್ತಲೇ ಇತ್ತು, ಮರುದಿನವೂ, ಅದರ ಮರುದಿನವೂ.

ಮಾತ್ರೆಗಳಿಗೆ ಮೈ ಒಗ್ಗುವ ತನಕದ ವಾರಗಳನ್ನು ನಾನು ಯಾರಿಗೂ ಹಾರೈಸಲಾರೆ. ವಾಕರಿಕೆ ಬರುತ್ತಿತ್ತು. ಅಂಗಿಯ ಗುಂಡಿಗೂ ನನಗೂ ಬೆಳಗೆಲ್ಲ ಹೋರಾಟ. ಎಲ್ಲಕ್ಕಿಂತ ಹೆಚ್ಚಾಗಿ ಆ ಚಡಪಡಿಕೆ. ಊಟಕ್ಕೆ ಕುಳಿತವನು ಅನ್ನದ ಮಧ್ಯೆ ಎದ್ದು ಒಂದು ಸುತ್ತು ನಡೆದು ಬರುತ್ತಿದ್ದೆ. 'ಸಹಿಸಿಕೊಳ್ಳಿ' ಎಂದು ಯಾರೂ ಹೇಳದಿದ್ದುದು ದೊಡ್ಡ ಉಪಕಾರ. ರುದ್ರಣ್ಣನವರು ಸಂಜೆಯ ತಿರುಗಾಟವನ್ನು ಬೆಳಗಿಗೂ ವಿಸ್ತರಿಸಿದರು, ನನ್ನ ಹೆಜ್ಜೆ ಚಿಕ್ಕದಾದಂತೆ ತಮ್ಮದನ್ನೂ ಚಿಕ್ಕದು ಮಾಡಿಕೊಂಡರು, ಆ ಬಗ್ಗೆ ಮಾತೆತ್ತಲಿಲ್ಲ. ಅವರ ಹೆಂಡತಿ ಗೌರಸಮುದ್ರಕ್ಕೆ ಹೋಗಿ ಮಾರಮ್ಮನ ಭಂಡಾರ ತಂದುಕೊಟ್ಟರು. ಲೂರ್ದಮ್ಮ ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮರಿಯಮ್ಮನವರ ಸ್ವರೂಪದ ಪಕ್ಕದಲ್ಲಿಟ್ಟಳು. ಆ ಕಡೆ ಅವಳು ಹೋದದ್ದೇ ಅಪರೂಪವಾಗಿತ್ತು.

ಮಾತ್ರೆಗಳು ಕೆಲಸ ಮಾಡತೊಡಗಿದವು. ಬೆರಳುಗಳು ಬಹಳ ಹೊತ್ತು ತೆಪ್ಪಗಿರುವಂತಾದವು. ನನಗೆ ಅದು ಗೆಲುವು. ಅವಳು ನನ್ನ ಸುಮ್ಮನಿದ್ದ ಕೈಯನ್ನು ನೋಡಿ ಕಣ್ಣು ಬೇರೆಡೆಗೆ ತಿರುಗಿಸುತ್ತಿದ್ದಳು. ನಾನು ಜಪ ಮಾಡುತ್ತಿರಲಿಲ್ಲವೆಂಬ ನಿರಾಸೆ ಅದು, ದಿನ ಕಳೆದಂತೆ ಸರಿಹೋಗುತ್ತದೆ ಎಂದು ನಂಬಿದ್ದೆ. ಮತ್ತೆ ಸೆಪ್ಟೆಂಬರ್ ಹತ್ತಿರ ಬಂದು, ಹಬ್ಬದ ನವೇನ ಆರಂಭವಾಗಿ, ಅವಳು ಮೊದಲ ಸಂಜೆಯೂ ಚರ್ಚಿಗೆ ಹೋಗದೆ ಎರಡನೆಯ ಸಂಜೆಯೂ ಹೋಗದೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಾಗ ಕೇಳಲೇಬೇಕಾಯಿತು.

ಮೊರದಿಂದ ತಲೆ ಎತ್ತದೆಯೇ ಅವಳು ಉತ್ತರಿಸಿದಳು.

"ನಾನು ಏನು ಕೇಳಿದ್ದೆ ಗೊತ್ತಾ ನಿಮಗೆ? ಇವರ ಮನಸ್ಸು ತಿರುಗೋದು ದೊಡ್ಡ ಮಾತು, ಅದನ್ನ ಕೇಳಲ್ಲ. ಬಾಯಲ್ಲಿ ಜಪ ಬರ್ದೇ ಇದ್ರೂ ಸರಿ. ಬೆರಳಾದ್ರೂ ಆಡ್ಲಿ ತಾಯಿ, ಅಂದೆ. ಅಷ್ಟೇ ಕೇಳ್ದೆ. ಅಷ್ಟೇ ಕೊಟ್ಲು."

ಅವಳು ಹೊತ್ತಿದ್ದುದು ನಿರಾಸೆಯಲ್ಲ. ತನ್ನ ಬೇಡಿಕೆಯೇ ನನ್ನ ಕೈಗೆ ಈ ಗತಿ ತಂದಿದೆ ಎಂಬ ನಂಬಿಕೆಯನ್ನು ಅವಳು ಆಸ್ಪತ್ರೆಗೆ ಹೋಗಿಬಂದ ಜೂನ್ ತಿಂಗಳಿಂದ ಒಬ್ಬಳೇ ಹೊತ್ತು ತಿರುಗುತ್ತಿದ್ದಳು. ಕಡಿಮೆ ಕೇಳಿದರೆ ಬೇಗ ಸಿಗುತ್ತದೆಂದು ಲೆಕ್ಕ ಹಾಕಿ ಕೇಳಿದ್ದಳು. ಕೇಳಿದ್ದು ಅಕ್ಷರಶಃ ಸಿಕ್ಕಿತ್ತು. ಇನ್ನೊಮ್ಮೆ ಮಾತೆಯ ಮುಂದೆ ಕುಳಿತು ಬಾಯಿ ತೆರೆಯಲು ಅವಳಿಗೆ ಭಯವಾಗಿತ್ತು.

ಇಂಥ ಕಾಯಿಲೆ ಕಣ್ಣಿಗೆ ಬೀಳುವ ಬಹಳ ಮೊದಲೇ ಒಳಗೆ ಶುರುವಾಗಿರುತ್ತದೆ ಎಂದು ವೈದ್ಯರು ಹೇಳಿದ್ದನ್ನು ನೆನಪಿಸಿದೆ. ಡಾಕ್ಟರು ಎಲ್ಲರಿಗೂ ಹೇಳುವ ಮಾತು ಅದು, ನಾನು ಕೇಳಿಕೊಂಡದ್ದು ಅವರಿಗೇನು ಗೊತ್ತು, ಎಂದಳು. ಸಾಮಾನ್ಯ ನಿಯಮದಿಂದ ಒಂದು ನಿರ್ದಿಷ್ಟ ಘಟನೆಯನ್ನು ಸಾಧಿಸಲಾಗದು ಎಂದು ನಾನೇ ಎಷ್ಟು ಸಭೆಗಳಲ್ಲಿ ವಾದಿಸಿದ್ದೆ. ಅವಳಿಗೆ ಬೇಕಾದದ್ದು ನನ್ನ ಬೆರಳೇ ಆಡಿದ್ದಕ್ಕೆ ಪುರಾವೆ, ಆ ನವೇನಕ್ಕಿಂತ ಹಿಂದಿನ ತಾರೀಖಿನಲ್ಲಿ.

ಅಂದಿನಿಂದ ನನ್ನ ಚಡಪಡಿಕೆಗೆ ಒಂದು ಕೆಲಸ ಸಿಕ್ಕಿತು. ಬ್ಯಾಂಕಿನ ಸಹಿಗಳು ಉಪಯೋಗಕ್ಕೆ ಬರಲಿಲ್ಲ. ಅಕ್ಷರ ಕುಗ್ಗಿದ್ದು ಬೆರಳು ಆಡಿದ್ದಕ್ಕೆ ಸಾಕ್ಷಿಯಾಗದು. ಮೊಬೈಲಿನಲ್ಲಿದ್ದ ಚಿತ್ರಗಳನ್ನೆಲ್ಲ ನೋಡಿದೆ; ಸ್ಥಿರಚಿತ್ರದಲ್ಲಿ ಎಲ್ಲರ ಕೈಯೂ ಸ್ಥಿರವೇ. ಚಲಿಸುವ ಚಿತ್ರ ಬೇಕು, ಅದರಲ್ಲಿ ನಾನು ಕೈಕಟ್ಟದೆ ಬಹಳ ಹೊತ್ತು ಸುಮ್ಮನೆ ಕುಳಿತಿರಬೇಕು, ಅದರ ತಾರೀಖು ಸೆಪ್ಟೆಂಬರಿಗಿಂತ ಹಿಂದಿನದಾಗಿರಬೇಕು. ಹೀಗೆ ಷರತ್ತುಗಳನ್ನು ಹಾಕಿಕೊಂಡು ಅಂಗಳದಲ್ಲಿ ಸುತ್ತುತ್ತಿದ್ದಾಗ ಲೂರ್ದಮ್ಮನ ತಮ್ಮ ಚಿನ್ನಪ್ಪನ ಮಗಳ ಮದುವೆ ನೆನಪಾಯಿತು. ಹಿಂದಿನ ವರ್ಷದ ಮೇ ತಿಂಗಳಲ್ಲಿ, ಮೊಳಕಾಲ್ಮುರಿನಲ್ಲಿ ಆದ ಮದುವೆ. ಪೂಜೆಯ ಉದ್ದಕ್ಕೂ ನಾನು ಎರಡನೆಯ ಸಾಲಿನಲ್ಲಿ ಕುಳಿತಿದ್ದೆ, ಮತ್ತು ವಿಡಿಯೊದವನು ಬಂಧುಗಳನ್ನು ಒಬ್ಬರನ್ನೂ ಬಿಟ್ಟಿರಲಿಲ್ಲ.

ಹಬ್ಬ ಮುಗಿದ ಮೇಲೆ ಅಲ್ಲಿಗೆ ಹೊರಟೆ. ಒಬ್ಬನನ್ನೇ ಕಳಿಸಲಾರೆನೆಂದು ಅವಳೂ ಬಂದಳು. ಯಾಕೆ ಹೋಗುತ್ತಿದ್ದೇವೆಂದು ನಾನು ಹೇಳಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ಅರ್ಧ ದಾರಿ ಕಂಬಿ ಹಿಡಿದು ನಿಂತೇ ಹೋದೆ. ಕೂತ್ಕಳ್ರೀ ಯಜಮಾನ್ರೇ ಎಂದು ಕಂಡಕ್ಟರು ಮತ್ತೆ ಮತ್ತೆ ಹೇಳಿ ಸೋತ.

ಚಿನ್ನಪ್ಪ ಸಡಗರದಿಂದ ಪೆನ್ ಡ್ರೈವನ್ನು ಟಿ.ವಿ.ಗೆ ಸಿಕ್ಕಿಸಿದ. ಮಗಳ ಮದುವೆ ನೋಡಬೇಕೆಂದು ಭಾವ ಇಷ್ಟು ದೂರ ಬಂದದ್ದು ಅವನಿಗೆ ಹೆಮ್ಮೆಯಾಗಿತ್ತು. ಪ್ರವೇಶಗೀತೆ, ರೇಷ್ಮೆ ಸೀರೆಗಳ ಸಾಲು, ನಿದ್ದೆ ಹೋದ ಮಗು. ಪ್ರಬೋಧನೆಯ ಹೊತ್ತಿಗೆ ಕ್ಯಾಮೆರಾ ನಮ್ಮ ಸಾಲಿಗೆ ಬಂತು. ನಾನಿದ್ದೆ. ಬಲಗೈ ಮಂಡಿಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ನಿಧಾನವಾಗಿ, ಬಿಡುವು ಕೊಟ್ಟು ಕೊಟ್ಟು, ಉರುಳುತ್ತಿತ್ತು.

"ಚೂಡಕ್ಕಾ, ನೋಡು," ಎಂದ ಚಿನ್ನಪ್ಪ. "ಫಾದರು ಪ್ರಬೋಧನೆ ಮಾಡ್ತಿದ್ರೆ ಭಾವ ಅವರ ಪಾಡಿಗೆ ಜಪ ಮುಗಿಸ್ತಾವ್ರೆ."

ಅದನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿಸಿದೆ. ಮತ್ತೊಮ್ಮೆ ಹಾಕಿಸಿದೆ. ಇಂಥ ಉಪಕರಣಗಳ ತಾರೀಖು ತಪ್ಪಿರುವುದುಂಟಾದ್ದರಿಂದ ಲಗ್ನಪತ್ರಿಕೆ ಇದೆಯೇ ಎಂದು ಚಿನ್ನಪ್ಪನನ್ನು ಕೇಳಿದೆ. ನನ್ನ ತಮ್ಮನ ಮಗಳ ಮದುವೆ ಯಾವತ್ತು ಆಯಿತೆಂದು ನನಗೆ ಗೊತ್ತಿಲ್ಲವೇ, ಎಂದು ಲೂರ್ದಮ್ಮ ಗದರಿದಳು. ಆಮೇಲೆ ಅವಳಿಗೂ ತಿಳಿಯಿತು. ಮೇ, ಆಮೇಲೆ ಸೆಪ್ಟೆಂಬರ್. ನಿನ್ನ ನವೇನಕ್ಕಿಂತ ಮೊದಲೇ ಕಾಯಿಲೆ ಇತ್ತು, ನೀನು ಕೇಳಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಅವಳು ಟಿ.ವಿ.ಯಲ್ಲಿದ್ದ ತನ್ನನ್ನೇ ನೋಡುತ್ತಿದ್ದಳು. ಹಸಿರು ಸೀರೆ ಉಟ್ಟು ನನ್ನ ಪಕ್ಕದಲ್ಲೇ ಕುಳಿತು ಮದುಮಗಳ ಕಡೆ ಕಣ್ಣಿಟ್ಟಿದ್ದಳು.

"ಪಕ್ಕದಾಗೇ ಕುಂತೀನಿ," ಎಂದಳು. "ನೋಡೇ ಇಲ್ಲ."

ಜೀವಮಾನದ ಯಾವ ಕಾಲನಿರ್ಣಯವೂ ನನಗೆ ಅಷ್ಟು ತೃಪ್ತಿ ಕೊಟ್ಟಿರಲಿಲ್ಲ. ಆ ತೃಪ್ತಿ ಮೊಳಕಾಲ್ಮುರು ಬಸ್ ನಿಲ್ದಾಣದವರೆಗೆ ಉಳಿಯಿತು. ಚಳ್ಳಕೆರೆಯ ಬಸ್ಸಿಗೆ ಕಾಯುತ್ತಿದ್ದಾಗ ಅವಳು ಬೆಂಚಿನ ಮೇಲೆ ಕುಳಿತು, ಯಾರಿಗೋ ಹೇಳುವಂತೆ, "ಹಂಗಾದ್ರೆ ನನ್ನ ಮಾತು ಆ ತಾಯಿಗೆ ಕೇಳ್ಸೇ ಇಲ್ಲ," ಎಂದಳು.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ತಪ್ಪಿನ ಹೊರೆಯನ್ನು ಇಳಿಸಲು ಹೋಗಿ, ಅವಳಿಗೆ ಉತ್ತರ ಬಂದಿತ್ತೆಂಬುದನ್ನೂ ಕಿತ್ತುಕೊಂಡಿದ್ದೆ. ಕೆಟ್ಟ ಉತ್ತರವಾದರೂ ಉತ್ತರವೆಂದು ಅವಳು ಅದನ್ನು ಹಿಡಿದುಕೊಂಡಿದ್ದಳೇನೋ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತು, ಕಾಲುಗಳು ಕೇಳಲಿಲ್ಲ. ನಿಲ್ದಾಣದ ಈ ತುದಿಯಿಂದ ಆ ತುದಿಗೆ, ರಾಯದುರ್ಗದ ಬಸ್ಸಿನ ಹಿಂದಿನಿಂದ, ಆಟೋಗಳ ಮುಂದಿನಿಂದ, ನಡೆಯುತ್ತಲೇ ಇದ್ದೆ. ಪ್ರತಿ ಸಲ ತಿರುಗಿದಾಗಲೂ ಅವಳು ಹಾಗೆಯೇ ಕುಳಿತಿರುವುದು ಕಾಣುತ್ತಿತ್ತು.

ಅಕ್ಟೋಬರ್ ಜಪಸರದ ತಿಂಗಳು. ನಮ್ಮ ಚರ್ಚಿನಲ್ಲಿ ಆ ತಿಂಗಳು ಮಾತೆಯ ಸ್ವರೂಪವನ್ನು ದಿನಕ್ಕೊಂದು ಮನೆಗೆ ಕೊಂಡೊಯ್ಯುತ್ತಾರೆ. ಸಂಜೆ ಎಲ್ಲರೂ ಆ ಮನೆಯಲ್ಲಿ ಸೇರಿ ಜಪಸರ ಹೇಳಿ, ಮರುದಿನ ಮುಂದಿನ ಮನೆಗೆ ಕಳಿಸಿಕೊಡುತ್ತಾರೆ. ಈ ಸಲ ನಮ್ಮ ಮನೆ ಬೇಡವೆಂದು ಲೂರ್ದಮ್ಮ ಮೊದಲೇ ಫಾದರಿಗೆ ಹೇಳಿಬಿಟ್ಟಿದ್ದಳು. ನಾನು ಮತ್ತೆ ಆ ವಿಷಯ ಎತ್ತಲಿಲ್ಲ. ಪುರಾವೆ ಹುಡುಕುವ ಧೈರ್ಯ ಉಡುಗಿಹೋಗಿತ್ತು. ತಿಂಗಳ ನಡುವೆ ಒಂದು ಬೆಳಗ್ಗೆ ನೋಡಿದರೆ ಅವಳು ಪಡಸಾಲೆಯ ಮೇಜನ್ನು ಖಾಲಿಮಾಡಿ, ಬಿಳಿಯ ಬಟ್ಟೆ ಹಾಸಿ, ಹೂದಾನಿ ತೊಳೆಯುತ್ತಿದ್ದಳು. ಏನೆಂದು ಕೇಳಿದೆ. ನಾಳೆ ಸ್ವರೂಪ ಬರುತ್ತದೆ, ನಾನೇ ಹೋಗಿ ಹೇಳಿಬಂದೆ, ನಿಮ್ಮ ಪುಸ್ತಕ ಆ ಕಡೆ ಎತ್ತಿಡಿ ಎಂದಳು. ಅಷ್ಟೇ.

ಮರುದಿನ ಸಂಜೆ ಮನೆ ತುಂಬಿತು. ರುದ್ರಣ್ಣನವರೂ ಅವರ ಹೆಂಡತಿಯೂ ಬಂದು ಬಾಗಿಲ ಬಳಿ ಕುಳಿತರು. ನನಗೆ ಗೋಡೆಯ ಪಕ್ಕ ಕುರ್ಚಿ ಹಾಕಿದ್ದರು. ಗಡಿಬಿಡಿಯಲ್ಲಿ ಮಾತ್ರೆಯ ಹೊತ್ತು ಮೀರಿತ್ತು. ಬೆರಳುಗಳು ತಮ್ಮ ಕೆಲಸ ಆರಂಭಿಸಿದ್ದವು. ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿಯವರ ತಾಯಿ ಅದನ್ನು ಕಂಡು, ನಾವಿನ್ನೂ ಶಿಲುಬೆ ಗುರುತೂ ಹಾಕಿಲ್ಲ, ಸಾರ್ ಆಗಲೇ ಎಷ್ಟು ಮಣಿ ದಾಟಿದರೋ ನೋಡು, ಎಂದು ಸೊಸೆಗೆ ತೋರಿಸಿದರು. ದನಿ ಎಲ್ಲರಿಗೂ ಕೇಳಿಸಿತು.

ಲೂರ್ದಮ್ಮ ಮೇಣದ ಬತ್ತಿ ಹಚ್ಚುತ್ತಿದ್ದಳು. ಹಚ್ಚಿ ಮುಗಿಸಿ, ಕಡ್ಡಿ ಆರಿಸಿ, ತಿರುಗಿದಳು.

"ಅದು ಜಪ ಅಲ್ಲಮ್ಮ. ಕಾಯಿಲೆ. ಮಾತ್ರೆ ತಗಂಡ್ರೆ ನಿಲ್ತೈತೆ."

ಫಾದರ್ ನೆಲ ನೋಡಿದರು. ನನ್ನ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಲಿಲ್ಲ. ಅವಳು ಮೊಳೆಯ ಮೇಲಿಂದ ಜಪಸರ ತೆಗೆದು, ಸಿಕ್ಕು ಬಿಡಿಸುತ್ತ ಕೆಳಗೆ ಕುಳಿತುಕೊಂಡಳು.

"ಜಪ ಇನ್ನೂ ಬಂದಿಲ್ಲ," ಎಂದಳು. "ಕೇಳಿದ್ದೀನಿ. ಈ ಸಲ ಬೆರಳು ಅಂತ ಕೇಳಿಲ್ಲ, ಪೂರ್ತಿ ಆಳನ್ನೇ ಕೇಳಿದ್ದೀನಿ. ಪುರುಸೊತ್ತಾದಾಗ ಕೊಡ್ಲಿ, ನನಗೇನು ಅವಸರ ಇಲ್ಲ."

ಬಾಗಿಲ ಬಳಿ ರುದ್ರಣ್ಣನವರು ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಉಪದೇಶಿಯವರ ತಾಯಿ ಕಣ್ಣೊರೆಸಿಕೊಂಡು ನಕ್ಕರು. ಲೂರ್ದಮ್ಮ ನಗಲಿಲ್ಲ, ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಶುರುಮಾಡಿಬಿಟ್ಟಳು.

ಮೊದಲ ಹತ್ತು ಮಣಿ ಮುಗಿಯುವವರೆಗೂ ನಾನು ಕುಳಿತಿದ್ದೆ. ಅಷ್ಟು ಹೊತ್ತು ಕುಳಿತದ್ದು ನನ್ನ ಮಟ್ಟಿಗೆ ಕಡಿಮೆಯಲ್ಲ. ಆಮೇಲೆ ಕಾಲುಗಳು ತಡೆಯಲಿಲ್ಲ. ಎದ್ದು, ಕುಳಿತವರ ನಡುವೆ ದಾರಿ ಮಾಡಿಕೊಂಡು, ಅಂಗಳಕ್ಕೆ ಬಂದು ಗೋಡೆಯಿಂದ ಗೇಟಿಗೆ, ಗೇಟಿನಿಂದ ಗೋಡೆಗೆ ನಡೆಯತೊಡಗಿದೆ. ಯಾರೂ ತಿರುಗಿ ನೋಡಲಿಲ್ಲ. ಒಳಗೆ ಎಲ್ಲರ ದನಿಗಳ ಮೇಲೆ ಅವಳ ದನಿ ಇತ್ತು, ಪಾಠಶಾಲೆಯ ಕೊನೆಯ ಬೆಂಚಿಗೂ ತಲುಪುವಂಥ ದನಿ. ನಾನು ಗೇಟಿನ ಹತ್ತಿರ ಹೋದಾಗ ಅವಳು ಅದನ್ನು ಒಂದಿಷ್ಟು ಏರಿಸುತ್ತಿದ್ದಳು.